ಕಪಾಟಿನ ಸಿಆರ್‌ಓ

"ತಡಿಯೋ ಜಮೀರ, ಅದನ್ನ ಒಡಿಬ್ಯಾಡ."

ಜಮೀರ ಎತ್ತಿದ ಸುತ್ತಿಗೆಯನ್ನು ಎತ್ತಿದ ಹಾಗೆಯೇ ಹಿಡಿದುಕೊಂಡು ಹೊರಳಿ ನೋಡಿದ. ಮನೆಯ ಹಳೇ ಕೂಲರನ್ನು ಗುಜರಿಗೆ ಹಾಕಲು ಬಂದಿದ್ದ ಕೊಟ್ರಪ್ಪ ಅದನ್ನು ಗೇಟಿನಲ್ಲೇ ಬಿಟ್ಟು, ತಗಡು, ಸೈಕಲ್ ಚಕ್ರ, ಮುರಿದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕಾಲಿಡುತ್ತ ಬರುತ್ತಿದ್ದ. ಇಸ್ತ್ರಿ ಮಾಡಿದ ಪ್ಯಾಂಟು ತುಕ್ಕು ತಗಡಿಗೆ ಸಿಕ್ಕಿ ಪರ್ರನೆ ಹರಿದರೂ ಅವನ ಲಕ್ಷ್ಯ ಅತ್ತ ಹೋಗಲಿಲ್ಲ.

"ಮಾಸ್ತರ್ರ, ಕಾಲು ಸಂಭಾಳಿಸ್ರಿ. ಮೊಳಿ ಅದಾವ."

"ಮೊದಲ ಅದನ್ನ ಕೆಳಗಿಡು."

"ಸುತ್ತಿಗಿ ಇಡ್ಲೋ, ಡಬ್ಬಿ ಇಡ್ಲೋ?"

"ಎರಡೂ ಇಡು."

ಜಮೀರ ಎರಡನ್ನೂ ಇಟ್ಟ. ಡಬ್ಬಿಯೆಂದರೆ ಸಿಆರ್‌ಓ. ತಂತಿಯೊಳಗೆ ಕರೆಂಟು ಹೇಗೆ ಓಡುತ್ತದೆ ಎಂಬುದನ್ನು ಗಾಜಿನ ಪರದೆಯ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುವ ಯಂತ್ರ. ಮುಖದ ತುಂಬ ನಾಬುಗಳು, ಎಡಕ್ಕೆ ಅಂಗೈಯಗಲದ ಪರದೆ, ಮೇಲೆ ಎತ್ತಲು ಒಂದು ಹಿಡಿಕೆ. ಕೊಟ್ರಪ್ಪ ಕೆಲಸ ಮಾಡಿ ರಿಟೈರ್ ಆದ ಪಾಲಿಟೆಕ್ನಿಕ್ಕಿನವರು ಲ್ಯಾಬಿನ ಹಳೇ ಸಾಮಾನನ್ನೆಲ್ಲ ಒಟ್ಟಿಗೆ ಮಾರಿದ್ದರು. ಇದರ ಜೊತೆಯವು ಆಗಲೇ ಹೊಟ್ಟೆ ಬಗೆಸಿಕೊಂಡು ಬಿದ್ದಿದ್ದವು. ಎಲ್ಲದರ ಹಣೆಯ ಮೇಲೂ ವಿಭೂತಿಯ ಮೂರು ಬಟ್ಟು, ನಡುವೆ ಕುಂಕುಮ. ಹಚ್ಚಿದ ಬೆರಳು ತನ್ನದೇ ಎಂದು ಕೊಟ್ರಪ್ಪನಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಇದರಾಗ ಏನೈತಿ ಅಂತ ಬಡಿದಾಡ್ತೀರಿ?" ಎಂದ ಜಮೀರ. "ಒಂದೀಟು ತಾಂಬ್ರ ಬರತೈತಿ. ಗಾಜು ಒಡದ್ರ ಢಮ್ ಅಂತೈತಿ, ಅದೊಂದು ಮಜಾ. ಮತ್ತೇನಿಲ್ಲ."

"ನಾ ಒಯ್ತೀನಿ."

"ಒಯ್ದು?"

ಕೊಟ್ರಪ್ಪ ಡಬ್ಬಿಯ ಹಿಡಿಕೆ ಹಿಡಿದುಕೊಂಡ. ಜಮೀರ ಒಳ್ಳೆಯವನು, ಹೆಚ್ಚು ಕೆದಕಲಿಲ್ಲ. "ಒಯ್ಯಿರಿ. ರಿಪೇರಿ ಆತು, ನಿಮ್ದು. ಆಗ್ಲಿಲ್ಲ, ತಂದು ಇಲ್ಲೇ ಒಗೀರಿ. ಹೊಸಪೇಟಿಗೆ ಲಾರಿ ಹೋಗೂದ್ರೊಳಗ ಹೇಳಿಬಿಡ್ರಿ, ಅಷ್ಟ," ಎಂದು ತಾನೇ ಎತ್ತಿ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟುಕೊಟ್ಟ.

ಕೊಟ್ರಪ್ಪನ ಸಂಕಟ ಬೇರೆಯೇ ಇತ್ತು. ಅದು ಅವನೊಬ್ಬನಿಗೇ ಗೊತ್ತಿದ್ದ ಸಂಕಟ. ತಂದೆ ನೌಕರಿಯಲ್ಲಿರುವಾಗಲೇ ತೀರಿಕೊಂಡದ್ದರಿಂದ ಅನುಕಂಪದ ಮೇಲೆ ಸಿಕ್ಕ ಕೆಲಸ ಅದು; ಐಟಿಐನಲ್ಲಿ ವೈರಿಂಗ್ ಕಲಿತಿದ್ದವನು ಒಂದು ಬೆಳಗ್ಗೆ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿ ಕೂತುಬಿಟ್ಟಿದ್ದ. ಮೀಟರು, ಬೆಸುಗೆ, ಟ್ರಾನ್ಸ್‌ಫಾರ್ಮರು ಎಲ್ಲ ಮೆಲ್ಲಗೆ ಕೈಗೆ ಹತ್ತಿದವು. ಸಿಆರ್‌ಓ ಮಾತ್ರ ಹತ್ತಲಿಲ್ಲ. ಆಗಿನ ಲೆಕ್ಚರರು ಒಮ್ಮೆ ಸರಸರ ನಾಬು ತಿರುವುತ್ತ ಇಂಗ್ಲಿಷಿನಲ್ಲಿ ವಿವರಿಸಿದಾಗ ತಲೆಯಾಡಿಸಿದ್ದ. ಮರುದಿನ ಕೇಳಲು ನಾಚಿಕೆಯಾಯಿತು. ಒಂದು ವರ್ಷ ಕಳೆದ ಮೇಲೆ ಕೇಳಲು ಇನ್ನೂ ನಾಚಿಕೆಯಾಯಿತು. ಆಮೇಲಂತೂ ಕೇಳುವ ಮಾತೇ ಉಳಿಯಲಿಲ್ಲ, ಯಾಕೆಂದರೆ ಅಷ್ಟೊತ್ತಿಗೆ ಹುಡುಗರು ಅವನನ್ನೇ ಕೇಳತೊಡಗಿದ್ದರು.

ಅದಕ್ಕೇ ಅವನು ಅವನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಒಂದೇ ಒಂದು ಮಾತ್ರ ಮೇಜಿನ ಮೇಲಿತ್ತು. ಅದನ್ನೂ ಲೆಕ್ಚರರು ಒಮ್ಮೆ ಸರಿಮಾಡಿಟ್ಟ ಮೇಲೆ ಯಾರೂ ಅಲುಗಿಸದಂತೆ ನಾಬುಗಳಿಗೆ ಕೆಂಪು ಪಟ್ಟಿ ಅಂಟಿಸಿದ್ದ. ಸ್ವಿಚ್ಚು ಹಾಕಿದರೆ ಗೆರೆ ತಾನಾಗಿ ಬರುತ್ತಿತ್ತು. "ದೂರ ನಿಂತು ನೋಡ್ರಿ, ಕೈ ಹಚ್ಚಬ್ಯಾಡ್ರಿ," ಎನ್ನುತ್ತಿದ್ದ. ಕೊಟ್ರಪ್ಪನ ಲ್ಯಾಬಿನಲ್ಲಿ ಒಂದು ಸಾಮಾನು ಕೆಡುವುದಿಲ್ಲ ಎಂದು ಪ್ರಿನ್ಸಿಪಾಲರೇ ಹೊಗಳುತ್ತಿದ್ದರು. ರಿಟೈರಾದ ದಿನ ಶಾಲು ಹೊದಿಸಿ ಅದನ್ನೇ ಹೇಳಿದರು. ಶಾಲಿನೊಳಗೆ ಅವನು ಬೆವೆತುಹೋಗಿದ್ದ.

ಒಂದು ಸಲ, ಒಂದೇ ಸಲ, ಆ ಗೆರೆಯನ್ನು ತನ್ನ ಕೈಯಿಂದ ತರಿಸಬೇಕು. ಜಮೀರನ ಸುತ್ತಿಗೆ ಮೇಲೆದ್ದಾಗ ಅವನೊಳಗೆ ಎದ್ದದ್ದು ಇದೇ ಆಸೆ. ಆದರೆ ಅದಕ್ಕೆ ಯಾರಾದರೊಬ್ಬರ ಮುಂದೆ ಹೋಗಿ, ನನಗೆ ಬರುವುದಿಲ್ಲ ಎನ್ನಬೇಕು. ಭಾಗ್ಯನಗರದ ತನ್ನ ಮನೆ ಮುಟ್ಟುವ ತನಕ ಸ್ಕೂಟರಿನ ಮೇಲೆ ಅವನಿಗೆ ಅದೇ ತಲೆ ತಿನ್ನುತ್ತಿತ್ತು.

"ಕೂಲರ್ ಕೊಟ್ಟು ಟಿವಿ ತಂದ್ರೇನ್ರಿ?" ಎಂದಳು ಹೆಂಡತಿ ಪಂಪಮ್ಮ, ಬಾಗಿಲಲ್ಲೇ. "ಅದೂ ಇಷ್ಟ್ ಸಣ್ಣದು. ಯಾರ ಮುಖ ಹಿಡಿತೈತಿ ಇದರಾಗ?"

"ಟಿವಿ ಅಲ್ಲ. ಲ್ಯಾಬಿಂದು."

"ಲ್ಯಾಬಿಂದು ಮನೀಗೆ ಯಾಕ ಬಂತು?"

"ಬಂತು. ಸುಮ್ನಿರು."

ಪಂಪಮ್ಮ ಸುಮ್ಮನಿರುವ ಪೈಕಿ ಅಲ್ಲ. ಆದರೆ ಗಂಡನ ಮುಖ ನೋಡಿ ಆ ಹೊತ್ತಿಗೆ ಬಿಟ್ಟಳು. ಕೊಟ್ರಪ್ಪ ಅದನ್ನು ಮಂಚದ ಮೇಲಿಟ್ಟ, ಸರಿಕಾಣಲಿಲ್ಲ, ಟೀಪಾಯಿಯ ಮೇಲಿಟ್ಟ. ಟವೆಲ್ ಹೊದಿಸಿದ, ತೆಗೆದ. ವೈರು ಹಿಡಿದು ಗೋಡೆಯ ಪ್ಲಗ್ಗಿನ ತನಕ ಹೋಗಿ ನಿಂತ. ಹಚ್ಚಿದರೆ ಏನಾದೀತು? ಹೊಗೆ ಬಂದೀತು. ಇಲ್ಲವೆ ಗೆರೆಯೇ ಬಂದೀತು. ಹೊಗೆಗಿಂತ ಅವನಿಗೆ ಗೆರೆಯದೇ ಹೆಚ್ಚು ಭಯ ಇದ್ದಂತಿತ್ತು, ಬಂದ ಗೆರೆಯನ್ನು ಏನು ಮಾಡಬೇಕೆಂದು ತಿಳಿದಿರಲಿಲ್ಲವಲ್ಲ.

"ಮನಿ ಫ್ಯೂಸ್ ಹಾರಿಸ್ಬ್ಯಾಡ್ರಿ, ರುಬ್ಬೂದೈತಿ," ಎಂದು ಅಡುಗೆಮನೆಯಿಂದ ಪಂಪಮ್ಮ ಕೂಗಿದಳು.

ಮರುದಿನವೂ ಇದೇ ಕಥೆ. ಕೂತ ಎನ್ನುವಷ್ಟರಲ್ಲಿ ಏಳುತ್ತಿದ್ದ, ಎದ್ದ ಎನ್ನುವಷ್ಟರಲ್ಲಿ ಕೂರುತ್ತಿದ್ದ. ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಹಾಗೇ ಬಿಟ್ಟ. ಕೊನೆಗೆ ಪಂಪಮ್ಮನೇ ದಾರಿ ತೋರಿಸಿದಳು.

"ಗಂಗಾವತ್ಯಾಗ ನಿಮ್ಮ ಸ್ಟೂಡೆಂಟ್ ಒಬ್ಬಾಕಿ ಅಂಗಡಿ ಇಟ್ಟಾಳಂತ ಹೇಳ್ತಿದ್ರೆಲ್ಲ. ಆ ಸಾಬರ ಹುಡುಗಿ. ಒಯ್ದು ಆಕಿ ಮುಂದ ಇಡ್ರಿ. ಆದ್ರ ಆತು, ಇಲ್ಲಾಂದ್ರ ಅಲ್ಲೇ ಬಿಟ್ಟು ಬರ್ರಿ. ನನಗಂತೂ ಇದರ ಮುಖ ನೋಡಿ ನೋಡಿ ಸಾಕಾತು."

ಗಂಗಾವತಿಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗಿಣಿಗೇರಿಯ ಫ್ಯಾಕ್ಟರಿ ಹೊಗೆ ಹಿಂದಾಯಿತು, ಬೂದಗುಂಪಾ ಕ್ರಾಸಿನಲ್ಲಿ ಜನ ತುಂಬಿದರು. ಪಕ್ಕದಲ್ಲಿ ಕೂತ ಮುದುಕ ಕುಂಕುಮ ವಿಭೂತಿ ನೋಡಿ ಯಾವ ದೇವರೋ ಎಂದುಕೊಂಡು ಎರಡೂ ಕೈ ಮುಗಿದ. ಕೊಟ್ರಪ್ಪ ಇದು ದೇವರಲ್ಲ ಎನ್ನಲೂ ಇಲ್ಲ, ಹೌದೆನ್ನಲೂ ಇಲ್ಲ.

ಖುಷ್ಬುವಿನ ಅಂಗಡಿ ರೈಸ್‌ಮಿಲ್ಲುಗಳ ಸಾಲಿನ ಮೂಲೆಯಲ್ಲಿತ್ತು. ಮೊದಲು ಅವಳ ಸೋದರಮಾವ ಶಾಮೀದಸಾಬನ ರೇಡಿಯೋ ಅಂಗಡಿ. ಈಗ ಅಕ್ಕಿಯಲ್ಲಿ ಕಪ್ಪು ಕಾಳು ಆರಿಸುವ ಮಿಲ್ಲಿನ ಯಂತ್ರಗಳ ಬೋರ್ಡುಗಳನ್ನು ಅವಳೊಬ್ಬಳೇ ರಿಪೇರಿ ಮಾಡುತ್ತಾಳೆ. ಸಿದ್ದಾಪುರದಿಂದ ಕಾರಟಗಿಯ ತನಕ ಮಿಲ್ಲಿನವರು ಅವಳ ಅಂಗಡಿಗೇ ಬರುತ್ತಾರೆ. ಅಂಗಡಿಯ ಗೋಡೆ, ಕಪಾಟು, ಅವಳ ಸ್ಕಾರ್ಫು, ಎಲ್ಲದರ ಮೇಲೂ ತೌಡಿನ ಧೂಳು.

"ಸರ್, ಬರ್ರಿ ಬರ್ರಿ. ಕುಂದರ್ರಿ." ಅವಳು ಸ್ಟೂಲನ್ನು ಒರೆಸಿ ಕೊಟ್ಟಳು. ಆಮೇಲೆ ಅವನ ಕೈಯಲ್ಲಿದ್ದುದನ್ನು ನೋಡಿ ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟಳು. "ಕಪಾಟದಾಗಿನ ಸಿಆರ್‌ಓ ಅಲ್ರಿ ಇದು?"

"ಹೂಂ. ಗುಜರಿಗೆ ಹಾಕಿದ್ರು."

"ಎಲ್ಲಾ?"

"ಎಲ್ಲಾ. ಇದೊಂದು ತಪ್ಪಿಸ್ಕೊಂಡು ಬಂತು."

ಅವಳು ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡು ಬಂದಳು. ಹಿಂದಿನ ತಿರುಪು ಬಿಚ್ಚಿ ಕವಚ ಎಳೆದಳು. ಒಳಗೆ ಒಂದಿಷ್ಟೂ ಕೊಳೆಯಿಲ್ಲ, ತಂತಿಗಳ ಮೇಲಿನ ಬಣ್ಣ ಸಹ ಹೊಸದರಂತೆ ಇತ್ತು. ಟಾರ್ಚು ಹಿಡಿದು ನೋಡುತ್ತ ನೋಡುತ್ತ ಅವಳಿಗೆ ನಗು ಬಂತು.

"ಇದು ಓಡಿ ಸವದದ್ದಲ್ರಿ ಸರ್. ಓಡದ ಒಣಗೈತಿ. ಕಂಡೆನ್ಸರ್ ಎಲ್ಲಾ ಉಬ್ಬ್ಯಾವ. ಕರೆಂಟ್ ಕಾಣದ ವರ್ಷಗಟ್ಟಲೆ ಕುಂತ್ರ ಒಳಗಿನ ಹಸಿ ಆರಿಬಿಡತೈತಿ." ಆಮೇಲೆ ಮುಖದ ಕಡೆ ತಿರುಗಿಸಿ ಒಂದು ನಾಬು ತಿರುವಿದಳು. ಅದು ಅಲ್ಲಾಡಲಿಲ್ಲ. ಇನ್ನೊಂದು. ಅದೂ ಇಲ್ಲ. ಉಗುರಿನಿಂದ ಕೆರೆದರೆ ಬುಡದಲ್ಲಿ ಕೆಂಪು, ಹಳದಿ. "ಕುಂಕುಮ, ಅರಿಷಿಣ ಇಳದು ಸಿಮೆಂಟ್ ಆದಂಗ ಆಗ್ಯಾವ."

"ಆಯುಧಪೂಜಿ ದಿನ ಹಚ್ಚತಿದ್ವಲ್ಲ."

"ಗೊತ್ತೈತ್ರಿ. ನಾವ ಹೂವಿನ ಹಾರ ಮಾಡಿ ತರತಿದ್ವಿ." ಅವಳು ಕೆರೆಯುತ್ತಲೇ ಅಂದಳು. "ವರ್ಷಕ್ಕೊಂದು ದಿನ ಕಪಾಟದಿಂದ ಹೊರಗ ತೆಗಿತಿದ್ರಿ. ನಾವು ಇವತ್ತರ ಹಚ್ಚಿ ತೋರಸ್ರಿ ಸರ್ ಅಂದ್ರ, ಇವತ್ತು ಆಯುಧ ಮುಟ್ಟಬಾರದು, ಪೂಜಿ ದಿನ ಅಂತಿದ್ರಿ. ಮರುದಿನ ಮತ್ತ ಕೀಲಿ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಹಳೇ ತಮಾಷೆ ನೆನೆಸಿಕೊಂಡವರ ಹಾಗೆ ಹೇಳಿದಳು. ಕೊಟ್ರಪ್ಪನಿಗೆ ಮಾತ್ರ ಸ್ಟೂಲು ಒತ್ತತೊಡಗಿತು. ಎದ್ದು ಗೋಡೆಯ ಕ್ಯಾಲೆಂಡರ್ ನೋಡಿದ, ಮತ್ತೆ ಕೂತ.

"ಇದೇನ್ರಿ, ನಾಬಿನ ಮ್ಯಾಲಿನ ಹೆಸರು ಒಂದೂ ಇಲ್ಲಲ್ಲ?"

ಇರಲಿಲ್ಲ. ಪ್ರತಿ ಸಲ ಪೂಜೆಯ ಹಿಂದಿನ ದಿನ ಕೊಟ್ರಪ್ಪ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮುಖವನ್ನು ಫಳಫಳ ಉಜ್ಜುತ್ತಿದ್ದ. ಕೊಳೆಯ ಜೊತೆಗೆ ಅಕ್ಷರಗಳೂ ಹೋಗಿದ್ದವು, ಕಂಪನಿಯ ಹೆಸರೂ ಹೋಗಿತ್ತು. ಅವನಿಗೆ ಇದು ಇಷ್ಟು ದಿನ ಹೊಳೆದಿರಲಿಲ್ಲ. ಓದಬೇಕಾದವನಿಗೆ ತಾನೆ ಅಕ್ಷರ ಇಲ್ಲದ್ದು ಗೊತ್ತಾಗುವುದು.

"ಇರ್ಲಿ ಬಿಡ್ರಿ," ಎಂದಳು ಖುಷ್ಬು. "ನಿಮಗ ಬಾಯಿಪಾಠ ಇರ್ತಾವ." ಮೇಜಿನ ಖಾನೆಯಿಂದ ಮೊಬೈಲಿನಷ್ಟೇ ಇದ್ದ ಒಂದು ಯಂತ್ರ ತೆಗೆದು ತೋರಿಸಿದಳು. "ಈಗ ನಾನು ಇದನ್ನ ಬಳಸ್ತೀನ್ರಿ. ಆನ್‌ಲೈನ್ ತರಿಸಿದ್ದು. ಆಟೋ ಅಂತ ಒಂದು ಬಟನ್ ಐತಿ, ಒತ್ತಿದ್ರ ಮುಗೀತು, ಎಲ್ಲಾ ತಾನ ಮಾಡತೈತಿ. ಏನ್ ಮಾಡತೈತಿ ಅಂತ ಅದಕ್ಕ ಗೊತ್ತು, ನನಗ ಗೊತ್ತಿಲ್ಲ. ಅದಕ ಸರ್, ಈ ದೊಡ್ಡದು ನನಗ ಬೇಕಾಗಿಲ್ಲ. ಅಂಗಡ್ಯಾಗ ಜಾಗಾನೂ ಇಲ್ಲ. ಹಂಗಂತ ಬ್ಯಾಡ ಅನ್ನಾಕೂ ಮನಸ್ಸಿಲ್ಲ. ರಿಪೇರಿ ಮಾಡ್ಲೋ ಬ್ಯಾಡೋ, ನೀವು ಹೇಳ್ರಿ. ಮಾಡಂದ್ರ ಒಂದು ಷರತ್ತೈತಿ."

"ಏನು?"

"ಈ ನಾಬು ಒಂದೊಂದು ಯಾತಕ್ಕ ಅಂತ ನೀವ ಕುಂತು ನನಗ ಹೇಳಿಕೊಡಬೇಕು. ಮೂರು ವರ್ಷ ದೂರ ನಿಂತು ನೋಡೀನಿ. ಈಗರ ಕೈ ಹಚ್ಚಗೊಡ್ರಿ."

ಕೊಟ್ರಪ್ಪ ಸ್ಟೂಲಿನಿಂದ ಎದ್ದ. ಹೂಂ ಎನ್ನಬೇಕೋ ಊಹೂಂ ಎನ್ನಬೇಕೋ ತಿಳಿಯದೆ ಕೈಗಡಿಯಾರ ನೋಡಿಕೊಂಡ. "ವಿಚಾರ ಮಾಡಿ ಹೇಳ್ತೀನವಾ. ಇರಕಲ್ಲಗಡಕ್ಕ ಹೋಗೂದೈತಿ, ಬಸ್ ತಪ್ಪತೈತಿ," ಎಂದ. ಇರಕಲ್ಲಗಡದಲ್ಲಿ ಅವನಿಗೆ ಆ ದಿನ ಯಾವ ಕೆಲಸವೂ ಇರಲಿಲ್ಲ. ಖುಷ್ಬು ಚಹಾ ತರಿಸುತ್ತೇನೆ ಎನ್ನುತ್ತಿದ್ದಂತೆ ಅವನು ಡಬ್ಬಿಯನ್ನು ಅವಳ ಮೇಜಿನ ಮೇಲೇ ಬಿಟ್ಟು ರಸ್ತೆಗಿಳಿದಿದ್ದ.

ಆಮೇಲಿನ ದಿನಗಳು ಕೊಟ್ರಪ್ಪನಿಗೆ ಹದವಾಗಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋದವನು ಸ್ಟೇಷನ್ನಿನ ತನಕ ಹೋಗಿ ಯಾವ ಗಾಡಿಯನ್ನೂ ಹತ್ತದೆ ಬಂದ. ಸುಳ್ಳು ಹೇಳಿದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಇರಕಲ್ಲಗಡಕ್ಕೆ ನಿಜವಾಗಿಯೂ ಹೋಗಿ ಷಡ್ಡಕನ ಮನೆಯಲ್ಲಿ ಮಂಡಕ್ಕಿ ತಿಂದು ಬಂದ. ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಸಿಆರ್‌ಓ ಬಗ್ಗೆ ವೀಡಿಯೋ ಹಾಕಿ ನೋಡಿದ. ಯಾರೋ ಹುಡುಗ ಹಿಂದಿಯಲ್ಲಿ ಫಟಫಟ ಮಾತಾಡುತ್ತ ಬೇರೆಯೇ ತರಹದ ಯಂತ್ರದ ನಾಬು ತಿರುವುತ್ತಿದ್ದ. ಹಿಂದೆ ಆ ಲೆಕ್ಚರರ ಮುಂದೆ ತಲೆಯಾಡಿಸಿದಂತೆ ಈ ಹುಡುಗನ ಮುಂದೆಯೂ ಅವನ ತಲೆ ತಾನೇ ಆಡಿತು. ಸಿಟ್ಟು ಬಂದು ಮೊಬೈಲನ್ನು ಮಗುಚಿ ಹಾಕಿದ.

"ಏನಾಗೇತ್ರಿ ನಿಮಗ?" ಪಂಪಮ್ಮ ಎದುರಿಗೇ ಬಂದು ಕೂತಳು. "ಡಾಕ್ಟರು ಏನರ ಹೇಳ್ಯಾರೇನು? ನನಗ ಮುಚ್ಚಿಡಬ್ಯಾಡ್ರಿ."

"ಡಾಕ್ಟರ್ ಅಲ್ಲಲೇ."

"ಮತ್ತ?"

"ನಾನು ಕೆಲಸ ಮಾಡಿದ್ನಲ್ಲ ಇಷ್ಟು ವರ್ಷ," ಎಂದು ಶುರುಮಾಡಿದ. ಅವಳು ಕಾಯುತ್ತಿದ್ದಳು. ಹೇಳಿಬಿಟ್ಟರೆ ಆದೀತು ಎನಿಸಿತು. ಆದರೆ ಗೋಡೆಯ ಮೇಲೆ ಶಾಲು ಹೊದಿಸಿಕೊಂಡ ತನ್ನದೇ ಫೋಟೋ ಇತ್ತು. ಅದಕ್ಕೆ ವಾರಕ್ಕೊಮ್ಮೆ ಧೂಳು ಹೊಡೆಯುವವಳು ಇವಳೇ. "ಏನಿಲ್ಲ. ಕಾಲು ಹಿಡಕೊಂಡಾವ," ಎಂದ. ಪಂಪಮ್ಮ ನಂಬಲಿಲ್ಲ, ಆದರೂ ಎಣ್ಣೆ ಬಿಸಿಮಾಡಿ ತಂದು ತಿಕ್ಕಿದಳು.

ಜಮೀರನ ಫೋನು ಬಂದದ್ದು ಆಗ. "ಮಾಸ್ತರ್ರ, ನಾಳಿಗೆ ಲಾರಿ ಲೋಡ್ ಆಕ್ಕೈತ್ರಿ. ನಿಮ್ಮ ಡಬ್ಬಿ ಏನಾತು? ಇಟ್ಕೊಳ್ತೀರೋ ಒಗೀತೀರೋ?"

"ತಂದು ಕೊಡ್ತೀನಪ," ಎಂದುಬಿಟ್ಟ ಕೊಟ್ರಪ್ಪ. ಅಂದ ಮೇಲೆ ಎದೆ ಹಗುರಾಯಿತು. ಒಡೆಯಲಿ, ಢಮ್ಮೆನ್ನಲಿ, ಮುಗಿಯಲಿ. ಯಾರು ಕೇಳುತ್ತಾರೆ? ಪೆನ್ಶನ್ ಬರುತ್ತದೆ, ಮಗಳು ಕುಷ್ಟಗಿಯಲ್ಲಿ ಸುಖವಾಗಿದ್ದಾಳೆ, ಈ ವಯಸ್ಸಿನಲ್ಲಿ ಯಾವುದೋ ಹಸಿರು ಗೆರೆ ಕಟ್ಟಿಕೊಂಡು ಆಗಬೇಕಾದದ್ದೇನು? ಹೀಗೆ ತನಗೆ ತಾನೇ ಹೇಳಿಕೊಂಡು ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಗಂಗಾವತಿಗೆ ಹೋದ.

ಅಂಗಡಿಯ ಮುಂದೆ ಭತ್ತದ ಲಾರಿಯೊಂದು ಅಡ್ಡ ನಿಂತು ಹಾರ್ನ್ ಬಾರಿಸುತ್ತಿತ್ತು. ಒಳಗೆ ಖುಷ್ಬು ಸಿಆರ್‌ಓದ ನಾಬುಗಳನ್ನೆಲ್ಲ ಕಿತ್ತು, ಸೋಪಿನ ನೀರಲ್ಲಿ ತೊಳೆದು, ಕಾಗದದ ಮೇಲೆ ಸಂಡಿಗೆ ಒಣಹಾಕಿದಂತೆ ಹರವಿದ್ದಳು. ಮುಖದ ಮೇಲೆ ವಿಭೂತಿ ಇರಲಿಲ್ಲ. ಹಣೆ ತೊಳೆದ ಆ ಬೋಳು ಮುಖವನ್ನು ನೋಡಿ ಕೊಟ್ರಪ್ಪನಿಗೆ ಕಸಿವಿಸಿಯಾಯಿತು.

"ಸಿಟ್ಟಾಗಬ್ಯಾಡ್ರಿ ಸರ್," ಎಂದಳು. "ನೀವು ಹೂಂ ಅನ್ನೂತನಕ ಬೆಸುಗಿ ಹಚ್ಚಿಲ್ಲ. ತೊಳದೀನಿ ಅಷ್ಟ."

"ಖುಷ್ಬು, ಇದು ಬ್ಯಾಡ. ಜಮೀರನ ಲಾರಿ ಹೊಂಟೈತಿ. ನಾ ಒಯ್ತೀನಿ."

ಅವಳ ಮುಖ ಇಳಿಯಿತು. ಒದ್ದೆ ನಾಬೊಂದನ್ನು ಎತ್ತಿ ಸ್ಕಾರ್ಫಿನ ತುದಿಯಿಂದ ಒರೆಸಿದಳು, ಇನ್ನೊಂದನ್ನು ಒರೆಸಿದಳು. ಆಮೇಲೆ, "ನಿಮಗ ನನ್ನ ಪ್ರಾಕ್ಟಿಕಲ್ ಪರೀಕ್ಷೆ ನೆನಪೈತೇನ್ರಿ?" ಎಂದಳು.

ಕೊಟ್ರಪ್ಪನಿಗೆ ನೆನಪಿತ್ತು. ಇಲ್ಲ ಎನ್ನುವಂತೆ ತಲೆಯಾಡಿಸಿದ.

"ಹೊರಗಿಂದ ಬಂದಿದ್ರಲ್ಲ ಒಬ್ಬರು, ದಪ್ಪ ಚಸ್ಮಾ ಅವರು. ಮೇಜಿನ ಮ್ಯಾಲಿನ ಸಿಆರ್‌ಓದ ಕೆಂಪು ಪಟ್ಟಿ ಕಿತ್ತು, ಎಲ್ಲಾ ನಾಬು ಗರಗರ ತಿರುವಿ, ಈಗ ಗೆರಿ ತರಸು ಅಂದ್ರು. ಪರದಿ ಕಪ್ಪಗ ಆಗಿಬಿಟ್ತು. ನಾ ಒಂದ ಕೈ ಹಚ್ಚಿದ್ದಿಲ್ಲ ಅದಕ್ಕ. ಯಾವುದು ತಿರುವ್ಲಿ? ನಿಮ್ಮ ಕಡೆ ನೋಡಿದ್ನಿ. ನೀವು ಕಿಡಕಿ ಕಡೆ ನೋಡಕೊಂತ ನಿಂತಿದ್ರಿ."

ಲಾರಿಯ ಹಾರ್ನು ನಿಂತಿತು. ಅವಳು ಮುಂದುವರಿಸಿದಳು.

"ಫೇಲ್ ಮಾಡಿದ್ರು. ಗಿಣಿಗೇರಿ ಫ್ಯಾಕ್ಟರ್ಯಾಗ ಆಗಿದ್ದ ನೌಕರಿ ಹೋತು. ಮುಂದಿನ ವರ್ಷ ಬ್ಯಾರೆ ಪ್ರಯೋಗ ಬಂತು, ಪಾಸ್ ಆದ್ನಿ, ಅಷ್ಟೊತ್ತಿಗೆ ಅಲ್ಲಿ ಬ್ಯಾರೆಯವರು ಬಂದಿದ್ರು. ನನ್ನ ಗೆಳತ್ಯಾರೆಲ್ಲ ನಿಮಗ ಬೈದ್ರು ಸರ್. ಒಂದು ಕಣ್ಣಸನ್ನಿ ಮಾಡಿದ್ರ ಅವರ ಗಂಟೇನು ಹೋಕ್ಕಿತ್ತು ಅಂತ. ನಾ ಅವರಿಗೆ ಹೇಳಿದ್ನಿ, ನಮ್ಮ ಸರ್ ಹಂಗಲ್ಲ, ಪರೀಕ್ಷೆ ಅಂದ್ರ ಪರೀಕ್ಷೆ, ಸ್ವಂತ ಮಗಳಿದ್ರೂ ಸನ್ನಿ ಮಾಡತಿದ್ದಿಲ್ಲ ಅಂತ. ಈಗೂ ಹಂಗ ಹೇಳ್ತೀನಿ. ಆದ್ರ ಆ ಕಪ್ಪು ಪರದಿ ಐತಲ್ರಿ, ಇನ್ನೂ ಒಮ್ಮೊಮ್ಮೆ ಕನಸಿನ್ಯಾಗ ಬರತೈತಿ. ನೀವು ಇದನ್ನ ಹೊತ್ಕೊಂಡು ಬಂದಾಗ ನನಗ ಎಷ್ಟು ಖುಷಿ ಆತು ಗೊತ್ತೇನ್ರಿ? ಅವತ್ತಿಂದು ಇವತ್ತು ಹೇಳಿಕೊಡಾಕ ಬಂದಾರ ಅನಕೊಂಡ್ನಿ."

ಅವಳು ಬೈದಿದ್ದರೆ ಕೊಟ್ರಪ್ಪ ಡಬ್ಬಿ ಎತ್ತಿಕೊಂಡು ಹೋಗಿಬಿಡುತ್ತಿದ್ದ. ಬೈಯಲಿಲ್ಲ. ಇಷ್ಟು ವರ್ಷ ಗೆಳತಿಯರ ಮುಂದೆ ತನ್ನ ಪರ ವಾದಿಸಿಕೊಂಡು ಬಂದಿದ್ದಾಳೆ. ಅವನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಈಗ ಎದ್ದು ಹೋದರೆ ಇವಳು ಮತ್ತೆ ತನ್ನ ಪರವಾಗಿಯೇ ಏನೋ ಒಂದು ಕಾರಣ ಹುಡುಕಿಕೊಳ್ಳುತ್ತಾಳೆ ಎನಿಸಿತು. ಅದನ್ನು ಅವನಿಂದ ತಡೆಯಲಾಗಲಿಲ್ಲ.

"ಮಾಡವ್ವ," ಎಂದ. "ರಿಪೇರಿ ಮಾಡು."

"ಖರೇನ್ರಿ?"

"ಖರೆ. ನಾ ಇಲ್ಲೇ ಕುಂದರ್ತೀನಿ."

ಜಮೀರನಿಗೆ ಫೋನು ಮಾಡಿ, ಲಾರಿ ಹೋಗಲಿ ಎಂದ. ಖುಷ್ಬು ಸರಸರ ಕೆಲಸಕ್ಕಿಳಿದಳು. ಉಬ್ಬಿದ ಕಂಡೆನ್ಸರುಗಳನ್ನು ಕಿತ್ತು ಹೊಸವನ್ನು ಕೂರಿಸಿದಳು. ಅವನು ವೈರು ಹಿಡಿದುಕೊಟ್ಟ, ಊದಿ ಹೊಗೆ ದೂರ ಮಾಡಿದ. ಆ ಕೆಲಸದಲ್ಲಿ ಅವನ ಕೈ ಪಳಗಿತ್ತು. ನಡುವೆ ಸಿದ್ದಾಪುರದ ಮಿಲ್ಲಿನವನೊಬ್ಬ ತನ್ನ ಬೋರ್ಡು ಕೇಳಿಕೊಂಡು ಬಂದರೆ, "ಸಂಜಿಕ ಬರ್ರಿ, ನಮ್ಮ ಸರ್ ಬಂದಾರ," ಎಂದು ಸಾಗಹಾಕಿದಳು. ಕೊಟ್ರಪ್ಪ ಎದ್ದು ಬಾಗಿಲ ತನಕ ಹೋದ, ಬಂದು ಕೂತ, ಮತ್ತೆ ಎದ್ದ. "ನಿಮಗ ನನಗಿಂತ ಅವಸರ ಐತಿ," ಎಂದು ಅವಳು ನಕ್ಕಳು.

ರಿಪೇರಿ ಮಾಡಿದ ಸಾಮಾನನ್ನು ಅಂಗಡಿಯವರು ಸೀದಾ ಕರೆಂಟಿಗೆ ಹಚ್ಚುವುದಿಲ್ಲ. ನಡುವೆ ಒಂದು ಹಳೇ ಕಾಲದ ಬಲ್ಬು ಹಾಕುತ್ತಾರೆ. ಒಳಗೆ ಎಲ್ಲೋ ತಪ್ಪು ಕೂಡಿದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ. ಸರಿಯಿದ್ದರೆ ಒಮ್ಮೆ ಝಗ್ಗನೆ ಹತ್ತಿ ಮಂದವಾಗುತ್ತದೆ. ಖುಷ್ಬು ಸ್ವಿಚ್ಚು ಹಾಕಿದಳು. ಬಲ್ಬು ಝಗ್ಗೆಂದಿತು. ಮೆಲ್ಲಗೆ ಕೆಂಪಾಗಿ, ಎಳೆಯಷ್ಟೇ ಉಳಿಯಿತು.

"ಜೀಂವ ಐತಿ," ಎಂದಳು. ಬಲ್ಬು ತೆಗೆದು ಸೀದಾ ಹಚ್ಚಿದಳು. ಮುಖದ ಮೇಲಿನ ಸಣ್ಣ ದೀಪ ಹತ್ತಿತು. ಒಳಗಿಂದ ಬೆಚ್ಚಗಿನ ವಾಸನೆ ಬಂತು. ಬಿಸಿಯಾಗಲೆಂದು ಕಾದರು. ಪರದೆ ಮಾತ್ರ ಕಪ್ಪಗೇ ಇತ್ತು. ತೊಳೆಯಲು ಕಿತ್ತು ಮತ್ತೆ ಕೂರಿಸುವಾಗ ಎಲ್ಲ ನಾಬುಗಳೂ ಎಲ್ಲೆಲ್ಲೋ ತಿರುಗಿದ್ದವು.

ಖುಷ್ಬು ತನ್ನ ಸ್ಟೂಲನ್ನು ಹಿಂದೆ ಸರಿಸಿ ಅವನಿಗೆ ಜಾಗ ಮಾಡಿದಳು. "ಹೂಂ ಸರ್. ಹೇಳ್ರಿ. ಮೊದಲ ಯಾವುದು?"

ಕೊಟ್ರಪ್ಪ ಕೈ ಮುಂದೆ ಚಾಚಿದ. ಬೆರಳು ನಾಬುಗಳ ಸಾಲಿನ ಮೇಲೆ ಇತ್ತಿಂದತ್ತ ಆಡಿತು. ಯಾವುದೋ ಒಂದನ್ನು ತಿರುವಿ, ಹಳೇ ಮಷೀನು, ಇದರಲ್ಲಿ ಏನೋ ದೋಷವಿದೆ ಎಂದುಬಿಡಬಹುದಿತ್ತು. ಅವಳು ನಂಬುತ್ತಿದ್ದಳು. ಅವನು ಕೈ ಹಿಂದೆ ತೆಗೆದ.

"ನನಗ ಗೊತ್ತಿಲ್ಲವ್ವ."

"ಯಾವುದು ಗೊತ್ತಿಲ್ರಿ?"

"ಯಾವುದೂ. ಇದನ್ನ ಹಚ್ಚಾಕ ನನಗ ಬರೂದಿಲ್ಲ. ಆಗೂ ಬರತಿದ್ದಿಲ್ಲ." ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. "ನೀ ನನ್ನ ಕಡೆ ನೋಡಿದ್ಯಲ್ಲ ಅವತ್ತು, ಏನಂತ ಸನ್ನಿ ಮಾಡ್ಲಿ? ನಿಯಮ ಇಲ್ಲ, ಏನೂ ಇಲ್ಲ. ನನಗ ಗೊತ್ತಿದ್ದಿಲ್ಲ. ಅದಕ ಕಿಡಕಿ ಕಡೆ ನೋಡಿದ್ನಿ."

ಖುಷ್ಬುವಿಗೆ ಇದು ತಿಳಿಯಲು ಹೊತ್ತು ಹಿಡಿಯಿತು. ಮೊದಲು ನಗುವವಳಂತೆ ಬಾಯಿ ತೆರೆದಳು. ನಗು ಬರಲಿಲ್ಲ. ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತ ನಿಂತಳು. ಅವಳ ಬೆನ್ನಷ್ಟೇ ಅವನಿಗೆ ಕಾಣುತ್ತಿತ್ತು. ಸಿಟ್ಟು ಬಂದಿತ್ತು ಅವಳಿಗೆ, ಬೆನ್ನು ನೋಡಿದರೆ ಸಾಕು ಗೊತ್ತಾಗುತ್ತಿತ್ತು. ಹೋಗೆಂದರೆ ಹೋಗೋಣ ಎಂದು ಕೊಟ್ರಪ್ಪ ತನ್ನ ಕೈಚೀಲ ಎತ್ತಿಕೊಂಡ.

"ಕೇಳಬಾರದಾಗಿತ್ತೇನ್ರಿ ಯಾರಿಗರ?" ಅವಳು ತಿರುಗದೆಯೇ ಅಂದಳು.

"ನಾಚಿಕಿ ಬಂತು."

"ನಮಗರ ಬಿಟ್ಟಿದ್ರ ನಾವು ತಿರುವಿ ಕಲ್ಕೊಳ್ತಿದ್ವಿ. ನಿಮಗೂ ಹೇಳತಿದ್ವಿ."

ಕೊಟ್ರಪ್ಪ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಹೊರಗೆ ಹಮಾಲರು ಭತ್ತದ ಚೀಲ ಇಳಿಸುವ ಸದ್ದು ಕೇಳುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಅವಳು ಒಳಗೆ ಬಂದಳು. ಕಣ್ಣು ಕೆಂಪಗಿದ್ದವು. ಅವನ ಮುಖ ನೋಡಲಿಲ್ಲ. ತನ್ನ ಸ್ಟೂಲನ್ನು ಕಾಲಿನಿಂದ ಎಳೆದು ಸಿಆರ್‌ಓದ ಎಡಕ್ಕೆ ಹಾಕಿಕೊಂಡಳು.

"ಚೀಲ ಕೆಳಗಿಡ್ರಿ. ಆ ಕಡಿಂದ ನೀವು ಬರ್ರಿ. ಈ ಕಡಿಂದ ನಾ ಬರ್ತೀನಿ," ಎಂದಳು. "ಒಂದೊಂದ. ಲಗುಬಗಿ ಮಾಡಬ್ಯಾಡ್ರಿ."

ಕೊಟ್ರಪ್ಪ ಬಲಗಡೆಯ ಕೊನೆಯ ನಾಬು ಹಿಡಿದ. ತೊಳೆದದ್ದಕ್ಕೆ ಅದು ಬೆಣ್ಣೆಯಂತೆ ತಿರುಗಿತು. ಏನೂ ಆಗಲಿಲ್ಲ. ಅವಳದೂ ಏನೂ ಆಗಲಿಲ್ಲ. ಪಕ್ಕದ್ದಕ್ಕೆ ಬಂದರು. ಅದರ ಪಕ್ಕದ್ದಕ್ಕೆ. ಟಕ್ ಟಕ್ ಎಂದು ಕೆಲವು ಹಲ್ಲು ಕಚ್ಚಿ ತಿರುಗುತ್ತಿದ್ದವು, ಕೆಲವು ಸದ್ದಿಲ್ಲದೆ. ಹೊರಗೆ ಯಾರೋ ಬಂದು "ಅಕ್ಕಾರ" ಎಂದು ಕೂಗಿ, ಉತ್ತರ ಬಾರದ್ದಕ್ಕೆ ಹೋದರು. ನಾಲ್ಕು ಕಣ್ಣೂ ಕಪ್ಪು ಗಾಜಿನ ಮೇಲಿದ್ದವು.

ಗಾಜಿನ ಕೆಳತುದಿಯಲ್ಲಿ ಹಸಿರು ಏನೋ ಇಣುಕಿ ಜಾರಿಹೋಯಿತು.

"ಹಿಂದಕ ತಿರುವ್ರಿ ಸರ್."

"ನಂದೋ ನಿಂದೋ?"

ಇಬ್ಬರಿಗೂ ಗೊತ್ತಾಗಲಿಲ್ಲ. ಹಿಡಿದ ನಾಬುಗಳಿಂದ ಬೆರಳು ಎತ್ತದೆ, ಅವನು ಅವಳ ಕೈಯನ್ನೂ ಅವಳು ಅವನ ಕೈಯನ್ನೂ ನೋಡುತ್ತ ಕೂತರು.